ಡಯೋಡ್ ಹಾಕಿದರೂ ಪಿನ್ ಸುಟ್ಟಿತು: ಕಾಯಿಲ್ ಸಿಗ್ನಲ್‌ಗೆ ಸರಿಯಾದ ಕ್ಲಿಪ್ಪರ್ ಯಾವುದು?

ಪ್ರಶ್ನೆ: ಸರ್, ನಾವು ಗದಗಿನಾಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕಡೀ ವರ್ಷ ಓದಾಕತ್ತೀವಿ. ಕಪ್ಪತಗುಡ್ಡದ ಮ್ಯಾಲಿನ ಗಾಳಿಯಂತ್ರ ನೋಡಿ, ಗಾಳಿ ವೇಗ ಅಳಿಯೋ ಪ್ರಾಜೆಕ್ಟ್ ತಗೊಂಡೀವಿ. ಮೂರು ಬಟ್ಟಲಿನ ಚಕ್ರ, ಅದರ ಕೆಳಗ ಎರಡು ಮ್ಯಾಗ್ನೆಟ್, ಬಾಜೂಕ ಒಂದು ಕಾಯಿಲ್. ಕಾಯಿಲ್ ರೆಸಿಸ್ಟನ್ಸ್ 400 ಓಮ್ ಐತಿ. ಸಣ್ಣ ಗಾಳಿಗೆ ಅರ್ಧ ವೋಲ್ಟ್ ಬರ್ತೈತಿ, ಜೋರ್ ಗಾಳಿಗೆ 20 ವೋಲ್ಟ್ ತನಕ ಹೋಗತೈತಿ. ಇದನ್ನ ಎಣಿಸಾಕ ಆರ್ಡುಯಿನೊ ಊನೊ ಅನ್ನೋ ಪ್ರೋಗ್ರಾಮ್ ಬೋರ್ಡಿಗೆ ಕೊಡಬೇಕು. ಮೊದಲ ಪುಸ್ತಕದಾಗ ಇದ್ದಂಗ ಎರಡು ಡಯೋಡ್ ಎದುರುಬದುರು ಹಾಕಿದ್ವಿ, ಬೋರ್ಡ್ ಏನೂ ಎಣಿಸಲಿಲ್ಲ. ಆಮ್ಯಾಲ 100 ಓಮ್ ರೆಸಿಸ್ಟರ್ ಇಟ್ಟು ಒಂದ ಡಯೋಡ್ 5 ವೋಲ್ಟ್ ಲೈನಿಗೆ ಕೊಟ್ವಿ. ಎಣಿಸ್ತು, ಆದ್ರ ಯುಎಸ್‌ಬಿ ಕೇಬಲ್ ತಗದ್ರೂ ಬೋರ್ಡಿನ ಲೈಟ್ ಮಿಣಮಿಣ ಅಂತಿತ್ತು, ಮತ್ತ ಕೇಬಲ್ ಹಾಕಿದಾಗ ಒಮ್ಮೊಮ್ಮೆ ಹ್ಯಾಂಗ್ ಆಗ್ತಿತ್ತು. ಕಡೀಕ 5.1 ವೋಲ್ಟ್ ಜೀನರ್ ಹಾಕಿದ್ವಿ, ಸ್ವಲ್ಪ ದಿನದಾಗ ಪಿನ್ನ ಸತ್ತು ಹೋತು. ತಪ್ಪು ಎಲ್ಲಿ ಐತಿ? ಇನ್ನೊಂದು ಮಾತು: ತ್ರಿಕೋನ ಅಲೆಯನ್ನ ಡಯೋಡ್‌ನಿಂದ ಸೈನ್ ಅಲೆ ಮಾಡಬಹುದು ಅಂತಾರಲ್ರಿ, ಅದು ಹೆಂಗ?

ಉತ್ತರ: ನಿಮ್ಮ ಮೂರೂ ಪ್ರಯತ್ನಗಳಲ್ಲಿ ಡಯೋಡ್ ತಪ್ಪು ಮಾಡಿಲ್ಲ. ಅದು ಬಿಟ್ಟುಕೊಟ್ಟ ಕರೆಂಟ್ ಎಷ್ಟಿರಬೇಕು, ಅಲ್ಲಿಂದ ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದು ನಿಮ್ಮ ಸರ್ಕ್ಯೂಟ್‌ನಲ್ಲಿ ತೀರ್ಮಾನವಾಗಿಲ್ಲ. ತೊಂದರೆಯೆಲ್ಲ ಅಲ್ಲಿಂದಲೇ ಬಂದಿದೆ.

ಕ್ಲಿಪ್ಪರ್ ಎಂದರೆ ಅಲೆಯನ್ನು ಒಂದು ಮಟ್ಟದ ಆಚೆ ಹೋಗಗೊಡದ ಸರ್ಕ್ಯೂಟ್. ಪಠ್ಯಪುಸ್ತಕದ ಚಿತ್ರದಲ್ಲಿ ಅದರಿಂದ ಹೊರಬಂದ ಅಲೆಯ ತಲೆ ಸಪಾಟಾಗಿರುತ್ತದೆ, ಮೇಲಿನ ಭಾಗ ಮಾಯವಾದಂತೆ ಕಾಣುತ್ತದೆ. ನಿಜದಲ್ಲಿ ಏನೂ ಮಾಯವಾಗುವುದಿಲ್ಲ. ಕೆರೆ ತುಂಬಿ ಕೋಡಿ ಹರಿಯುವಾಗ ನೀರಿನ ಮಟ್ಟ ಕೋಡಿಯ ಎತ್ತರಕ್ಕೇ ನಿಲ್ಲುತ್ತದೆ, ನಿಜ. ಆದರೆ ಹಾಗೆ ನಿಲ್ಲಬೇಕಾದರೆ ಹೆಚ್ಚಿನ ನೀರು ಹರಿದುಹೋಗಲು ಹಳ್ಳ ಇರಬೇಕು, ಒಳಹರಿವೂ ಕೋಡಿ ತಾಳುವಷ್ಟೇ ಇರಬೇಕು. ಇಲ್ಲಿ ಡಯೋಡೇ ಕೋಡಿ, ಒಳಹರಿವಿಗೆ ಲಗಾಮು ಹಾಕುವುದು ಸರಣಿಯಲ್ಲಿರುವ ರೆಸಿಸ್ಟರ್. ಹಳ್ಳ ಯಾವುದು ಎಂಬುದನ್ನು ಸರ್ಕ್ಯೂಟ್ ಕಟ್ಟುವವರು ತೋರಿಸಿಕೊಡಬೇಕು. ಈ ಕಣ್ಣಿನಿಂದ ನಿಮ್ಮ ಮೂರು ಪ್ರಯತ್ನಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದರಲ್ಲಿ ಸಿಲಿಕಾನ್ ಡಯೋಡ್ ಎರಡೂ ಕಡೆ ಸುಮಾರು 0.7 ವೋಲ್ಟ್‌ಗೆ ಅಲೆಯನ್ನು ಹಿಡಿದು ನಿಲ್ಲಿಸಿತು. ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪು 5 ವೋಲ್ಟ್‌ನಲ್ಲಿ ನಡೆಯುವಾಗ 1.5 ವೋಲ್ಟ್‌ಗಿಂತ ಕೆಳಗಿದ್ದರೆ ಸೊನ್ನೆ, 3 ವೋಲ್ಟ್ ದಾಟಿದರೆ ಒಂದು ಎಂದು ಖಾತ್ರಿಯಾಗಿ ಓದುತ್ತದೆ. 0.7 ವೋಲ್ಟ್ ಅದರ ಪಾಲಿಗೆ ಎಂದೆಂದಿಗೂ ಸೊನ್ನೆ. ಕ್ಲಿಪ್ಪರ್ ಕೆಲಸ ಮಾಡುತ್ತಿತ್ತು, ಅದರ ಮುಂದೆ ಇರಬೇಕಾದ ಒಂದು ಹಂತ ಇರಲಿಲ್ಲ, ಅಷ್ಟೇ. ಈ ಮೊದಲನೇ ಪ್ರಯತ್ನವೇ ಮೂರರಲ್ಲಿ ಸರಿದಾರಿಗೆ ಹತ್ತಿರವಿತ್ತು. ಕೊನೆಗೆ ನಾವು ಅಲ್ಲಿಗೇ ಹೋಗಲಿದ್ದೇವೆ.

ಎರಡನೆಯದರಲ್ಲಿ ಕಾಯಿಲ್‌ನ 400 ಓಮ್, ನಿಮ್ಮ 100 ಓಮ್ ಸೇರಿ 500 ಓಮ್. ಕಾಯಿಲ್ 20 ವೋಲ್ಟ್ ಕೊಟ್ಟ ಗಳಿಗೆಯಲ್ಲಿ ಡಯೋಡ್ ಸುಮಾರು 5.7ಕ್ಕೆ ತೆರೆದುಕೊಳ್ಳುತ್ತದೆ. ಉಳಿದ 14.3 ವೋಲ್ಟ್ 500 ಓಮ್‌ನಲ್ಲಿ ಬಿದ್ದು, 28 ಮಿಲಿ ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ನಿಮ್ಮ 5 ವೋಲ್ಟ್ ಲೈನಿಗೆ ನುಗ್ಗುತ್ತದೆ. ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರ್ ಕರೆಂಟ್ ಕೊಡುವುದಕ್ಕೆ ಇರುವುದು, ವಾಪಸ್ ನುಂಗುವುದಕ್ಕಲ್ಲ. ಬಂದ ಕರೆಂಟನ್ನು ಬೋರ್ಡಿನ ಭಾಗಗಳು ತಿಂದು ಮುಗಿಸಿದರೆ ಸರಿ, ಇಲ್ಲದಿದ್ದರೆ ಲೈನೇ ಮೇಲೆ ಏರುತ್ತದೆ. ಕೇಬಲ್ ತೆಗೆದ ಮೇಲೂ ಲೈಟ್ ಮಿಣುಗಿದ್ದು ಇದೇ ಕಾರಣಕ್ಕೆ: ಗಾಳಿಯೇ ಡಯೋಡ್ ಮೂಲಕ ನಿಮ್ಮ ಬೋರ್ಡನ್ನು ಅರೆಬರೆ ನಡೆಸುತ್ತಿತ್ತು. ಲೈನ್ ಪೂರ್ತಿ ಸೊನ್ನೆಗೆ ಇಳಿಯದೆ ಎರಡು ಮೂರು ವೋಲ್ಟ್‌ನಲ್ಲಿ ತೂಗಾಡುತ್ತಿರುವಾಗ ಮತ್ತೆ ಕೇಬಲ್ ಚುಚ್ಚಿದರೆ ಚಿಪ್ಪಿಗೆ ಶುದ್ಧವಾದ ರೀಸೆಟ್ ಸಿಗದೆ ಹೋಗಬಹುದು, ಅದಕ್ಕೇ ಹ್ಯಾಂಗ್.

ಅದಕ್ಕಿಂತ ದೊಡ್ಡ ಅಪಾಯ ಕೆಳಗಿನ ಕಡೆ ಇತ್ತು. ಕಾಯಿಲ್‌ನ ಅಲೆ ಸೊನ್ನೆಯ ಎರಡೂ ಬದಿಗೆ ಹೋಗುತ್ತದೆ. ನೀವು ಮೇಲಿನ ಬದಿಗೆ ಮಾತ್ರ ಡಯೋಡ್ ಕೊಟ್ಟಿದ್ದೀರಿ. ಮೈನಸ್ 20 ವೋಲ್ಟ್ ಬಂದಾಗ ಅದಕ್ಕಿದ್ದ ಒಂದೇ ದಾರಿ ಚಿಪ್ಪಿನೊಳಗೆ ಪಿನ್ನಿಗೆ ಅಂಟಿಕೊಂಡಿರುವ ಸಣ್ಣ ರಕ್ಷಣಾ ಡಯೋಡ್. 38 ಮಿಲಿ ಆಂಪಿಯರ್ ಅದರ ಮೂಲಕವೇ ಹೋಗಿದೆ. ಈ ಚಿಪ್ಪನ್ನು ತಯಾರಿಸಿದವರೇ ಆ ಡಯೋಡ್‌ನಲ್ಲಿ 1 ಮಿಲಿ ಆಂಪಿಯರ್‌ಗಿಂತ ಹೆಚ್ಚು ಹರಿಸಬೇಡಿ ಎಂದು ಹೇಳಿದ್ದಾರೆ. ಹಾಗಾಗಿ ಪಿನ್ ಜೀನರ್ ಹಾಕಿದ ಮೇಲೆ ಸತ್ತಂತೆ ಕಂಡರೂ, ಪೆಟ್ಟು ಎರಡನೇ ಪ್ರಯತ್ನದಲ್ಲೇ ಬಿದ್ದಿರುವ ಸಾಧ್ಯತೆ ಹೆಚ್ಚು.

ಜೀನರ್ ಉಳಿದ ಕೆಲಸ ಮುಗಿಸಿತು. ಜೀನರ್ ಹಿಮ್ಮುಖವಾಗಿ 5.1 ವೋಲ್ಟ್‌ಗೆ ಹಿಡಿಯುತ್ತದೆ, ಮುಮ್ಮುಖವಾಗಿ ಅದೊಂದು ಸಾಧಾರಣ ಡಯೋಡ್. ಹತ್ತಾರು ಮಿಲಿ ಆಂಪಿಯರ್ ಹರಿಯುವಾಗ ಅಲ್ಲಿ ಮೈನಸ್ 0.7ರಿಂದ 0.8 ವೋಲ್ಟ್ ಇರುತ್ತದೆ. ಪಿನ್ನಿಗೆ ಅನುಮತಿ ಇರುವುದು ಮೈನಸ್ 0.5ರ ತನಕ. ಜೀನರ್‌ಗೂ ಪಿನ್ನಿಗೂ ನಡುವೆ ರೆಸಿಸ್ಟರ್ ಇರಲಿಲ್ಲವಾದ್ದರಿಂದ ಕರೆಂಟ್ ಜೀನರ್‌ಗೂ ಒಳಗಿನ ಡಯೋಡ್‌ಗೂ ಹಂಚಿಹೋಯಿತು. ಸಣ್ಣ ಗಾಳಿಯ ಅರ್ಧ ವೋಲ್ಟ್ ಅಂತೂ ಎಣಿಕೆಗೆ ಬರುವಂತೆಯೇ ಇರಲಿಲ್ಲ, ಅದು 3 ವೋಲ್ಟ್ ಮುಟ್ಟುವುದಿಲ್ಲವಲ್ಲ. ಇನ್ನೊಂದು ವಿಷಯ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 1 ವ್ಯಾಟ್‌ನ 1ಎನ್4733ಎ ಜೀನರ್‌ನ 5.1 ಎಂಬ ಅಂಕಿ 49 ಮಿಲಿ ಆಂಪಿಯರ್‌ನಲ್ಲಿ ಅಳೆದದ್ದು. ಅದಕ್ಕಿಂತ ಬಹಳ ಕಡಿಮೆ ಕರೆಂಟ್‌ನಲ್ಲಿ ಅದು 5.1ಕ್ಕೆ ಮುಂಚೆಯೇ ಮೆಲ್ಲಗೆ ಸೋರತೊಡಗುತ್ತದೆ. ಅಲೆಯ ತಲೆ ಸಪಾಟಾಗುವ ಬದಲು ದುಂಡಾಗುತ್ತದೆ. ಸಣ್ಣ ಕರೆಂಟ್‌ನ ಸಿಗ್ನಲ್ ಕೆಲಸಕ್ಕೆ ಕಡಿಮೆ ವೋಲ್ಟ್‌ನ ಜೀನರ್ ನಾನು ಸೂಚಿಸುವುದಿಲ್ಲ.

ಇವೆಲ್ಲದರ ಮೇಲೆ, ನೀವು ಗಮನಿಸದೇ ಇರಬಹುದಾದ ಒಂದು ತಪ್ಪು ನಿಮ್ಮ ಅಳತೆಯನ್ನೇ ಕೆಡಿಸುತ್ತದೆ. 500 ಓಮ್‌ನ ದಾರಿಯಲ್ಲಿ 20 ವೋಲ್ಟ್ ತುದಿಯ ಅಲೆ ಸರಾಸರಿ 0.4 ವ್ಯಾಟ್‌ನಷ್ಟು ಶಕ್ತಿ ಕಳೆಯುತ್ತದೆ. ಆ ಶಕ್ತಿ ಬರುವುದು ಚಕ್ರದಿಂದ. ಕಾಯಿಲ್‌ನಲ್ಲಿ ಕರೆಂಟ್ ಹರಿದಷ್ಟೂ ಮ್ಯಾಗ್ನೆಟ್‌ಗೆ ತಡೆ ಬೀಳುತ್ತದೆ, ಇದು ನೀವು ಓದಿದ ಲೆಂಜ್ ನಿಯಮವೇ. ಅಂಗೈಯಗಲದ ಬಟ್ಟಲುಗಳಿಗೆ ಇದು ಬ್ರೇಕ್ ಹಾಕಿದಂತೆಯೇ. ಆಷಾಢದ ಜೋರು ಗಾಳಿಯಲ್ಲೇ ನಿಮ್ಮ ಯಂತ್ರ ಇರುವ ವೇಗಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಹೀಗಾಗಿ ಸರಣಿ ರೆಸಿಸ್ಟರ್ ದೊಡ್ಡದಿರಬೇಕು ಎಂಬುದಕ್ಕೆ ಪಿನ್ ಉಳಿಸುವುದೊಂದೇ ಕಾರಣವಲ್ಲ.

ಈಗ ಡಯೋಡನ್ನು ಹತ್ತಿರದಿಂದ ನೋಡಿ. 0.7 ವೋಲ್ಟ್ ಎಂಬುದು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡ ಅಂಕಿ. ಕೋಣೆಯ ಉಷ್ಣತೆಯಲ್ಲಿ ಒಂದು 1ಎನ್4148 ಹಿಡಿದು ಅಳೆದರೆ 10 ಮೈಕ್ರೊ ಆಂಪಿಯರ್ ಹರಿಯುವಾಗ ಸುಮಾರು 0.4 ವೋಲ್ಟ್ ಸಿಗುತ್ತದೆ, 100 ಮೈಕ್ರೊ ಆಂಪಿಯರ್‌ಗೆ 0.5ರ ಆಸುಪಾಸು, 1 ಮಿಲಿ ಆಂಪಿಯರ್‌ಗೆ 0.6, 10 ಮಿಲಿ ಆಂಪಿಯರ್‌ಗೆ 0.7 ಚಿಲ್ಲರೆ. ಕರೆಂಟ್ ಹತ್ತು ಪಟ್ಟು ಆದಾಗಲೆಲ್ಲ ವೋಲ್ಟೇಜ್ ಹೆಚ್ಚುಕಡಿಮೆ 0.1 ಏರುತ್ತದೆ. ಎಂದರೆ ಡಯೋಡ್ ಒಂದು ಮಟ್ಟದಲ್ಲಿ ತಟ್ಟನೆ ತೆರೆಯುವುದಿಲ್ಲ, 0.3ರಿಂದಲೇ ನಿಧಾನವಾಗಿ ತೆರೆಯುತ್ತ ಹೋಗುತ್ತದೆ. ಕ್ಲಿಪ್ ಆಗುವ ಮಟ್ಟವನ್ನು ಡಯೋಡ್ ಒಂದೇ ನಿರ್ಧರಿಸುವುದಿಲ್ಲ, ನೀವು ಆರಿಸಿದ ರೆಸಿಸ್ಟರ್ ಕೂಡ ನಿರ್ಧರಿಸುತ್ತದೆ. ಉಷ್ಣತೆ 1 ಡಿಗ್ರಿ ಏರಿದರೆ ಅದೇ ಕರೆಂಟ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲಿನ ತಗಡಿನ ಡಬ್ಬಿ 60 ಡಿಗ್ರಿ ಮುಟ್ಟಿತೆಂದರೆ 70 ಮಿಲಿವೋಲ್ಟ್ ವ್ಯತ್ಯಾಸ. ಎಣಿಸುವ ಕೆಲಸಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಡಯೋಡ್‌ನ ಮಟ್ಟವನ್ನೇ ಅಳತೆಗೋಲು ಮಾಡಿಕೊಂಡು ವೋಲ್ಟೇಜ್ ಅಳೆಯಲು ಹೊರಟರೆ ಪೂರಾ ಕೆಡಿಸುತ್ತದೆ.

ಯಾವ ಡಯೋಡ್ ಎಂದರೆ 1ಎನ್4148. ಒಂದೆರಡು ರೂಪಾಯಿಗೆ ಹುಬ್ಬಳ್ಳಿ, ಗದಗ ಎಲ್ಲ ಕಡೆ ಸಿಗುತ್ತದೆ. ಹಿಮ್ಮುಖವಾದಾಗ 4 ನ್ಯಾನೊ ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ, ಅದರ ಕೆಪಾಸಿಟನ್ಸ್ ಹೆಚ್ಚೆಂದರೆ 4 ಪಿಕೊ ಫ್ಯಾರಡ್. ನಿಮ್ಮ ಅಲೆ ಸೆಕೆಂಡಿಗೆ ನಲವತ್ತೈವತ್ತು ಸಲ ಮಾತ್ರ ಬರುವುದರಿಂದ 1ಎನ್4007 ಹಾಕಿದರೂ ನಡೆಯುತ್ತದೆ. ಮುಂದೆ ಹತ್ತಾರು ಕಿಲೋ ಹರ್ಟ್ಸ್‌ನ ಸಿಗ್ನಲ್‌ಗೆ ಕ್ಲಿಪ್ಪರ್ ಮಾಡುವಾಗ ಅದನ್ನು ಮುಟ್ಟಬೇಡಿ. ಅದು ಮುಚ್ಚಿಕೊಳ್ಳಲು ಮೈಕ್ರೊ ಸೆಕೆಂಡುಗಟ್ಟಲೆ ಬೇಕು, ಅಷ್ಟರಲ್ಲಿ ಅಲೆ ಸೊನ್ನೆ ದಾಟಿ ಆಚೆ ಬದಿಗೆ ಬಾಲ ಎಳೆದುಕೊಂಡು ಹೋಗಿರುತ್ತದೆ. ಕೊಳ್ಳುವಾಗ ಒಂದು ಎಚ್ಚರಿಕೆ ಇರಲಿ: ಗಾಜಿನ ಮೈಯ ಸಣ್ಣ ಜೀನರ್ ಮತ್ತು 1ಎನ್4148 ನೋಡಲು ಒಂದೇ ಥರ, ಪೊಟ್ಟಣದಲ್ಲಿ ಬೆರೆತು ಬರುತ್ತವೆ. 9 ವೋಲ್ಟ್ ಬ್ಯಾಟರಿ, 1 ಕಿಲೋ ಓಮ್ ರೆಸಿಸ್ಟರ್, ಡಯೋಡ್ ಮೂರನ್ನೂ ಸರಣಿಯಲ್ಲಿ ಇಡಿ, ಉಂಗುರವಿರುವ ತುದಿ ಬ್ಯಾಟರಿಯ ಪ್ಲಸ್ ಕಡೆ ಇರಲಿ. ಡಯೋಡ್ ಮೇಲೆ 9 ವೋಲ್ಟ್ ತೋರಿಸಿದರೆ 4148, ಐದರ ಹತ್ತಿರ ತೋರಿಸಿದರೆ ಜೀನರ್.

ಇನ್ನು ಸರ್ಕ್ಯೂಟ್. ನಿಮ್ಮ ಸಿಗ್ನಲ್ ಅರ್ಧದಿಂದ 20 ವೋಲ್ಟ್ ತನಕ, ನಲವತ್ತು ಪಟ್ಟು ಏರಿಳಿಯುತ್ತದೆ. ಇಷ್ಟು ಅಂತರವಿರುವಾಗ 5 ವೋಲ್ಟ್‌ಗೆ ಕ್ಲಿಪ್ ಮಾಡಲು ಹೋಗಬಾರದು. ಅರ್ಧ ವೋಲ್ಟ್ ಆಸುಪಾಸಿಗೆ ಎರಡೂ ಕಡೆ ಕ್ಲಿಪ್ ಮಾಡಿ, ಆ ಸಣ್ಣ ಅಲೆಯನ್ನು ಒಂದು ಕಂಪ್ಯಾರೇಟರ್‌ಗೆ (ಎರಡು ವೋಲ್ಟೇಜ್ ಹೋಲಿಸಿ ಯಾವುದು ಹೆಚ್ಚೆಂದು ಹೇಳುವ ಚಿಪ್ಪು) ಕೊಟ್ಟು, ಅದರಿಂದ 5 ವೋಲ್ಟ್‌ನ ಚೌಕ ಅಲೆ ಪಡೆಯಿರಿ. ಸಣ್ಣ ಗಾಳಿಯೂ ಎಣಿಕೆಗೆ ಬರುತ್ತದೆ, ದೊಡ್ಡ ಗಾಳಿಯೂ ಏನನ್ನೂ ಸುಡುವುದಿಲ್ಲ.

ಕಂಪ್ಯಾರೇಟರ್ ಎಲ್‌ಎಂ393 ಇರಲಿ. ಅದಕ್ಕೆ 5 ವೋಲ್ಟ್ ಸಪ್ಲೈ ಸಾಕು, ಆದರೆ ಅದರ ಇನ್‌ಪುಟ್ ಗ್ರೌಂಡ್‌ಗಿಂತ 0.3 ವೋಲ್ಟ್ ಕೆಳಗೆ ಇಳಿಯಬಾರದು. ಸೊನ್ನೆಯ ಸುತ್ತ ತೂಗುವ ಅಲೆಯನ್ನು ನೇರ ಕೊಟ್ಟರೆ ಮೈನಸ್ 0.6 ಆಗಿಬಿಡುತ್ತದೆ. ಅದಕ್ಕೆ ಇಡೀ ಅಲೆಯನ್ನು ಸ್ವಲ್ಪ ಮೇಲೆತ್ತಬೇಕು. 5 ವೋಲ್ಟ್‌ನಿಂದ 22 ಕಿಲೋ ಓಮ್, ಅಲ್ಲಿಂದ ಗ್ರೌಂಡ್‌ಗೆ 10 ಕಿಲೋ ಓಮ್ ಹಾಕಿ. ಇವೆರಡು ಸೇರುವಲ್ಲಿ 1.56 ವೋಲ್ಟ್ ಸಿಗುತ್ತದೆ, ಇದನ್ನು ಆಧಾರ ಬಿಂದು ಎನ್ನೋಣ. ಆಧಾರ ಬಿಂದುವಿನಿಂದ ಗ್ರೌಂಡ್‌ಗೆ 10 ಮೈಕ್ರೊ ಫ್ಯಾರಡ್ ಕೆಪಾಸಿಟರ್, ಪ್ಲಸ್ ಕಾಲು ಮೇಲೆ.

ಕಾಯಿಲ್‌ನ ಒಂದು ತುದಿಯನ್ನು ನೇರ ಆಧಾರ ಬಿಂದುವಿಗೆ ಬೆಸುಗೆ ಹಾಕಿ. ಇನ್ನೊಂದು ತುದಿಗೆ 22 ಕಿಲೋ ಓಮ್ ಸರಣಿ ರೆಸಿಸ್ಟರ್. ರೆಸಿಸ್ಟರ್‌ನ ಆಚೆ ತುದಿಯಿಂದ ಆಧಾರ ಬಿಂದುವಿಗೆ ಎರಡು 1ಎನ್4148, ಒಂದರ ಉಂಗುರ ಆಧಾರದ ಕಡೆ, ಇನ್ನೊಂದರ ಉಂಗುರ ರೆಸಿಸ್ಟರ್ ಕಡೆ. ಅವುಗಳ ಪಕ್ಕದಲ್ಲೇ ಅದೇ ಎರಡು ಬಿಂದುಗಳ ನಡುವೆ 4.7 ನ್ಯಾನೊ ಫ್ಯಾರಡ್ ಕೆಪಾಸಿಟರ್, ಮೈಮೇಲೆ 472 ಎಂದಿರುತ್ತದೆ. ಈ ಜೋಡಣೆಯಲ್ಲಿ ಡಯೋಡ್ ಬಿಟ್ಟ ಕರೆಂಟ್ ಎಲ್ಲಿ ಹೋಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿ: ಕಾಯಿಲ್, ರೆಸಿಸ್ಟರ್, ಡಯೋಡ್, ಆಧಾರ ಬಿಂದು, ಮತ್ತೆ ಕಾಯಿಲ್. ಸಪ್ಲೈ ಲೈನನ್ನೂ ಮುಟ್ಟುವುದಿಲ್ಲ, ಗ್ರೌಂಡನ್ನೂ ಮುಟ್ಟುವುದಿಲ್ಲ. ಬೋರ್ಡ್ ಆಫ್ ಇದ್ದಾಗ ಗಾಳಿ ಎಷ್ಟೇ ಬೀಸಲಿ, ನಿಮ್ಮ ಲೈಟ್ ಮಿಣುಗುವುದಿಲ್ಲ. ನಿಮ್ಮ ಎರಡನೇ ಪ್ರಯತ್ನದಲ್ಲಿ ಇಲ್ಲದಿದ್ದ ಹಳ್ಳ ಇದೇ.

ರೆಸಿಸ್ಟರ್ 22 ಕಿಲೋ ಓಮ್ ಯಾಕೆ ಎಂಬುದನ್ನು ತಿಳಿದಿರುವುದು ಒಳ್ಳೆಯದು, ಬೇರೆ ಕಾಯಿಲ್ ಬಂದಾಗ ನೀವೇ ಲೆಕ್ಕ ಹಾಕಬಹುದು. 20 ವೋಲ್ಟ್‌ನಲ್ಲಿ ಡಯೋಡ್‌ಗೆ ಹೋಗುವುದು 0.9 ಮಿಲಿ ಆಂಪಿಯರ್‌ಗಿಂತ ಕಡಿಮೆ. ಚಕ್ರದಿಂದ ಕಸಿಯುವ ಶಕ್ತಿ ಸರಾಸರಿ 9 ಮಿಲಿ ವ್ಯಾಟ್, ಮೊದಲಿನ 400 ಮಿಲಿ ವ್ಯಾಟ್‌ನ ಮುಂದೆ ಇದು ಏನೂ ಅಲ್ಲ, ಕಾಲು ವ್ಯಾಟ್ ರೆಸಿಸ್ಟರ್ ಧಾರಾಳ. ಅಂದಮೇಲೆ 1 ಮೆಗಾ ಓಮ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. ಎಲ್‌ಎಂ393ರ ಇನ್‌ಪುಟ್ ಸಾಮಾನ್ಯವಾಗಿ 25 ನ್ಯಾನೊ ಆಂಪಿಯರ್, ಕೆಟ್ಟ ಚಿಪ್ಪಿನಲ್ಲಿ 250ರ ತನಕ ಹೊರಹಾಕುತ್ತದೆ. 22 ಕಿಲೋ ಓಮ್‌ನಲ್ಲಿ ಇದರಿಂದಾಗುವ ತಪ್ಪು ಸಾಮಾನ್ಯವಾಗಿ ಒಂದು ಮಿಲಿವೋಲ್ಟ್‌ಗಿಂತ ಕಡಿಮೆ, ಕೆಟ್ಟ ಚಿಪ್ಪಿನಲ್ಲಿ ಹೆಚ್ಚೆಂದರೆ ಐದಾರು. 1 ಮೆಗಾ ಓಮ್‌ನಲ್ಲಿ 25ರಿಂದ 250 ಮಿಲಿವೋಲ್ಟ್, ನಿಮ್ಮ ಸಣ್ಣ ಗಾಳಿಯ ಸಿಗ್ನಲ್ ಅದರಲ್ಲೇ ಮುಳುಗಿಹೋಗಬಹುದು. ಕೆಪಾಸಿಟರ್ ಜೊತೆ ಸೇರಿ ರೆಸಿಸ್ಟರ್ ಒಂದು ಫಿಲ್ಟರ್ ಕೂಡ ಆಗುತ್ತದೆ: 22 ಕಿಲೋ ಓಮ್, 4.7 ನ್ಯಾನೊ ಫ್ಯಾರಡ್ ಎಂದರೆ ಸುಮಾರು 1,500 ಹರ್ಟ್ಸ್‌ಗಿಂತ ಮೇಲಿನದು ಸೋಸಿ ಹೋಗುತ್ತದೆ. ಮೋಟರ್ ಸ್ವಿಚ್ ಹಾಕಿದಾಗ ತಂತಿಯಲ್ಲಿ ಬರುವ ಚೂಪು ಗದ್ದಲಕ್ಕೆ ಇದು ಬೇಕೇ ಬೇಕು. ರೆಸಿಸ್ಟರ್ ಬದಲಿಸಿದರೆ ಕೆಪಾಸಿಟರ್ ಅನ್ನು ವಿಲೋಮ ಪ್ರಮಾಣದಲ್ಲಿ ಬದಲಿಸಿ: ರೆಸಿಸ್ಟರ್ ಎರಡು ಪಟ್ಟಾದರೆ ಕೆಪಾಸಿಟರ್ ಅರ್ಧ.

ಚಿಪ್ಪಿನ ಕಾಲುಗಳು: 8 ಸಪ್ಲೈ, 4 ಗ್ರೌಂಡ್, ಇವೆರಡರ ನಡುವೆ ಹತ್ತಿರದಲ್ಲೇ 100 ನ್ಯಾನೊ ಫ್ಯಾರಡ್, ಅಂದರೆ 104. ಡಯೋಡ್ ಮತ್ತು ರೆಸಿಸ್ಟರ್ ಸೇರುವ ಬಿಂದು ಕಾಲು 2ಕ್ಕೆ. ಆಧಾರ ಬಿಂದುವಿನಿಂದ 10 ಕಿಲೋ ಓಮ್ ಮೂಲಕ ಕಾಲು 3ಕ್ಕೆ. ಕಾಲು 1 ಔಟ್‌ಪುಟ್, ಅಲ್ಲಿಂದ 5 ವೋಲ್ಟ್‌ಗೆ 4.7 ಕಿಲೋ ಓಮ್ ಹಾಕಲೇಬೇಕು. ಈ ಚಿಪ್ಪು ಕೆಳಗೆ ಎಳೆಯಬಲ್ಲದೇ ಹೊರತು ತಾನಾಗಿ ಮೇಲೆತ್ತಲಾರದು. ಇದನ್ನು ಮರೆತು ಔಟ್‌ಪುಟ್ ಸದಾ ಸೊನ್ನೆ ಎಂದು ಚಿಪ್ ಬದಲಿಸುತ್ತ ಕೂರುವವರು ಬಹಳ. ಕಾಲು 1ರಿಂದ ಕಾಲು 3ಕ್ಕೆ 470 ಕಿಲೋ ಓಮ್. ಉಳಿದ 5, 6, 7 ಗ್ರೌಂಡ್‌ಗೆ. ಔಟ್‌ಪುಟ್ ಊನೊದ ಡಿ2 ಪಿನ್ನಿಗೆ, ಅದು ಇಂಟರಪ್ಟ್ ಪಿನ್, ಅಂದರೆ ಸಿಗ್ನಲ್ ಬದಲಾದ ಕೂಡಲೇ ಪ್ರೋಗ್ರಾಮಿಗೆ ತಿಳಿಸುವಂಥದ್ದು.

ಆ 470 ಕಿಲೋ ಓಮ್ ಅನ್ನು ದಯವಿಟ್ಟು ಬಿಡಬೇಡಿ. ಔಟ್‌ಪುಟ್ ಮೇಲಿದ್ದಾಗ ಅದು ಹೋಲಿಕೆಯ ಮಟ್ಟವನ್ನು ಆಧಾರಕ್ಕಿಂತ ಸುಮಾರು 70 ಮಿಲಿವೋಲ್ಟ್ ಮೇಲೆ ಇಡುತ್ತದೆ, ಔಟ್‌ಪುಟ್ ಕೆಳಗಿಳಿದಾಗ ಸುಮಾರು 30 ಮಿಲಿವೋಲ್ಟ್ ಕೆಳಗೆ. ಒಂದು ಮ್ಯಾಗ್ನೆಟ್ ಕಾಯಿಲ್ ಮುಂದೆ ಹಾದುಹೋದರೆ ಒಂದು ಪ್ಲಸ್ ಗುಡ್ಡ, ಬೆನ್ನಿಗೇ ಒಂದು ಮೈನಸ್ ತಗ್ಗು ಬರುತ್ತದೆ. ಗುಡ್ಡದಲ್ಲಿ ಔಟ್‌ಪುಟ್ ಒಮ್ಮೆ ಬೀಳುತ್ತದೆ, ತಗ್ಗಿನಲ್ಲಿ ಒಮ್ಮೆ ಏಳುತ್ತದೆ, ಮುಂದಿನ ಮ್ಯಾಗ್ನೆಟ್ ಬರುವ ತನಕ ಅಲೆ ಸೊನ್ನೆಯಲ್ಲಿ ನಿಂತಿದ್ದರೂ ಔಟ್‌ಪುಟ್ ಅಲುಗುವುದಿಲ್ಲ, ಯಾಕೆಂದರೆ ಸೊನ್ನೆ ಆ ಎರಡು ಮಟ್ಟಗಳ ನಡುವೆ ಇದೆ. ಮ್ಯಾಗ್ನೆಟ್‌ಗೆ ಒಂದೇ ಎಣಿಕೆ. ಈ ರೆಸಿಸ್ಟರ್ ಇಲ್ಲದಿದ್ದರೆ ಸೊನ್ನೆಯ ಹತ್ತಿರದ ಒಂದೆರಡು ಮಿಲಿವೋಲ್ಟ್ ಗದ್ದಲವೇ ಹತ್ತಾರು ಸುಳ್ಳು ಎಣಿಕೆ ಹುಟ್ಟಿಸುತ್ತದೆ. ಸಣ್ಣ ಗಾಳಿಯ ಅರ್ಧ ವೋಲ್ಟ್ ಡಯೋಡ್‌ಗಳನ್ನು ದಾಟುವಾಗ 0.4ರ ಆಸುಪಾಸಿಗೆ ಇಳಿದರೂ ಈ 70 ಮಿಲಿವೋಲ್ಟ್‌ನ ಐದು ಪಟ್ಟು ಇರುತ್ತದೆ. ಪ್ರೋಗ್ರಾಮಿನಲ್ಲೂ, ಹಿಂದಿನ ಎಣಿಕೆಯಿಂದ 5 ಮಿಲಿ ಸೆಕೆಂಡ್ ಒಳಗೆ ಬಂದದ್ದನ್ನು ಬಿಟ್ಟುಬಿಡಿ. ಎರಡು ಮ್ಯಾಗ್ನೆಟ್, ಸೆಕೆಂಡಿಗೆ 20 ಸುತ್ತು ಎಂದರೂ ಎರಡು ಎಣಿಕೆಯ ನಡುವೆ 25 ಮಿಲಿ ಸೆಕೆಂಡ್ ಇರುತ್ತದೆ.

ಜೋಡಿಸುವಾಗ ಎಲ್‌ಎಂ393ಕ್ಕೆ ಸಾಕೆಟ್ ಇಡಿ, ಮೊದಲು ಚಿಪ್ ಇಲ್ಲದೆ ಕ್ಲಿಪ್ಪರ್ ಒಂದನ್ನೇ ಪರೀಕ್ಷಿಸಿ. ಗಾಳಿಗೆ ಕಾಯಬೇಕಿಲ್ಲ. 12-0-12 ಟ್ರಾನ್ಸ್‌ಫಾರ್ಮರ್‌ನ ನಡುವಿನ ತಂತಿ ಮತ್ತು ಒಂದು ಬದಿಯ ತಂತಿಯನ್ನು ಕಾಯಿಲ್ ಬದಲು ಜೋಡಿಸಿ. 12 ವೋಲ್ಟ್ ಎಸಿ ಎಂದರೆ ತುದಿಯಲ್ಲಿ 17 ವೋಲ್ಟ್, ನಿಮ್ಮ ಜೋರು ಗಾಳಿಗೆ ಹತ್ತಿರ. ಎರಡೂ ಬದಿಯ ತಂತಿ ಹಿಡಿಯಬೇಡಿ, ತುದಿ 34 ವೋಲ್ಟ್ ಆಗುತ್ತದೆ. 230 ವೋಲ್ಟ್ ಬದಿಯ ಜೋಡಣೆಗೆ ಸ್ಲೀವ್ ಹಾಕಿ, ಪ್ಲಗ್ ಚುಚ್ಚಿದ ಮೇಲೆ ಆ ಕಡೆ ಕೈ ಹೋಗಬಾರದು. ಈಗ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಡಯೋಡ್‌ಗಳ ಎರಡು ತುದಿಗೆ ಹಿಡಿದರೆ 0.5ರಿಂದ 0.65 ಒಳಗೆ ತೋರಿಸಬೇಕು. ಹಲವು ವೋಲ್ಟ್ ತೋರಿಸಿದರೆ ಎರಡೂ ಡಯೋಡ್ ಒಂದೇ ದಿಕ್ಕಿಗೆ ಕೂತಿವೆ, ಇಲ್ಲವೇ ಒಂದರ ಬೆಸುಗೆ ಹಿಡಿದಿಲ್ಲ. ಇದು ಚಿಪ್ ಕೂರಿಸುವ ಮುಂಚೆ ಗೊತ್ತಾಗುವುದೇ ಈ ಪರೀಕ್ಷೆಯ ಲಾಭ.

ಅದು ಸರಿಬಂದ ಮೇಲೆ ಸಪ್ಲೈ ಕೊಟ್ಟು ಆಧಾರ ಬಿಂದುವಿನಲ್ಲಿ 1.5ರಿಂದ 1.6 ವೋಲ್ಟ್ ಇದೆಯೇ ನೋಡಿ, ಸಪ್ಲೈ ತೆಗೆದು ಚಿಪ್ ಕೂರಿಸಿ, ಪ್ರೋಗ್ರಾಮ್ ಓಡಿಸಿ. ಕರೆಂಟ್ 50 ಹರ್ಟ್ಸ್‌ನದ್ದು, ಹತ್ತು ಸೆಕೆಂಡಿಗೆ 500 ಎಣಿಕೆ ಬರಬೇಕು, ಒಂದೆರಡು ಆಚೀಚೆ ಆದರೆ ಚಿಂತೆಯಿಲ್ಲ. 1000 ಬಂದರೆ ಇಂಟರಪ್ಟನ್ನು ಏರುವುದಕ್ಕೂ ಇಳಿಯುವುದಕ್ಕೂ ಹಾಕಿದ್ದೀರಿ, ಇಳಿಯುವುದಕ್ಕೆ ಮಾತ್ರ ಇಡಿ. ಆಮೇಲೆ ಟ್ರಾನ್ಸ್‌ಫಾರ್ಮರ್ ತಂತಿಗೆ 33 ಕಿಲೋ ಓಮ್ ಮತ್ತು 1 ಕಿಲೋ ಓಮ್ ಸರಣಿಯಲ್ಲಿ ಹಾಕಿ, 1 ಕಿಲೋ ಓಮ್‌ನ ಮೇಲಿನ ಅಲೆಯನ್ನು ಕೊಡಿ. ಅದು ಅರ್ಧ ವೋಲ್ಟ್, ಸಣ್ಣ ಗಾಳಿ. ಎಣಿಕೆ ಮತ್ತೆ 500 ಇರಬೇಕು.

ಕಾಲೇಜಿನ ಲ್ಯಾಬಿನಲ್ಲಿ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್, ಅಂದರೆ ಸ್ಕೋಪ್ ಇದ್ದರೆ ಖಂಡಿತ ನೋಡಿ, ಆದರೆ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಆಧಾರ ಬಿಂದುವಿಗೆ ಕಚ್ಚಿಸಬೇಡಿ. ಆ ಕ್ಲಿಪ್ ಭೂಮಿಗೆ ಸೇರಿರುತ್ತದೆ, ನಿಮ್ಮ ಆರ್ಡುಯಿನೊ ಕೂಡ ಕಂಪ್ಯೂಟರ್ ಮೂಲಕ ಭೂಮಿಗೆ ಸೇರಿದ್ದರೆ ಆಧಾರ ಬಿಂದು ಸೊನ್ನೆಗೆ ಶಾರ್ಟ್ ಆಗುತ್ತದೆ. ಕ್ಲಿಪ್ ಸರ್ಕ್ಯೂಟ್‌ನ ಗ್ರೌಂಡ್‌ಗೇ ಇರಲಿ. ಇದೇ ಕಾರಣಕ್ಕೆ ಕಾಯಿಲ್‌ನ ಯಾವ ತುದಿಯೂ ಕಬ್ಬಿಣದ ಕಂಬಕ್ಕೆ ತಾಗಬಾರದು.

ಮಾಳಿಗೆಯ ಮೇಲೆ ಕೂರಿಸಿದ ಮೇಲೆ ಬರುವ ತೊಂದರೆಯಲ್ಲಿ ಮೊದಲನೆಯದು, ಚಕ್ರ ನಿಂತಿದ್ದರೂ ಸೆಕೆಂಡಿಗೆ ಸರಿಯಾಗಿ 50 ಎಣಿಕೆ. ಅದು ಗಾಳಿಯಲ್ಲ, ಪಕ್ಕದ ಕರೆಂಟ್ ವೈರಿನ ಹಮ್. ಕಾಯಿಲ್‌ನಿಂದ ಬರುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ತನ್ನಿ, ಮನೆಯ ವೈರಿಂಗ್ ಪೈಪಿನ ಜೊತೆಗೆ ಎಳೆಯಬೇಡಿ. ಎರಡನೆಯದು ಸಿಡಿಲು. ಹತ್ತಿರದಲ್ಲಿ ಸಿಡಿಲು ಬಡಿದಾಗ ಉದ್ದ ತಂತಿಯಲ್ಲಿ ಹುಟ್ಟುವ ಏಟಿಗೆ ಕಾಯಿಲ್‌ನ ಎರಡು ತುದಿಗಳ ನಡುವೆ, 22 ಕಿಲೋ ಓಮ್‌ಗೆ ಮುಂಚೆ, ಒಂದು ಪಿ6ಕೆಇ33ಸಿಎ (ಏಟು ತಡೆಯುವ ರಕ್ಷಣಾ ಡಯೋಡ್) ಹಾಕಿ. ಅದು 28 ವೋಲ್ಟ್ ತನಕ ಸುಮ್ಮನಿದ್ದು, ದೊಡ್ಡ ಏಟನ್ನು 46 ವೋಲ್ಟ್ ಆಸುಪಾಸಿಗೆ ಹಿಡಿಯುತ್ತದೆ. ಮಿಕ್ಕದ್ದನ್ನು ರೆಸಿಸ್ಟರ್ ಮತ್ತು ಡಯೋಡ್ ನೋಡಿಕೊಳ್ಳುತ್ತವೆ. ನೇರ ಸಿಡಿಲಿಗೆ ಇದಾವುದೂ ತಾಳುವುದಿಲ್ಲ.

ಮುಂದೆ ಯಾವುದಾದರೂ ಸೆನ್ಸರ್ ಸದಾ 5 ವೋಲ್ಟ್‌ಗಿಂತ ಹೆಚ್ಚೇ ಕೊಡುವಂಥದ್ದು ಸಿಕ್ಕರೆ ಕಂಪ್ಯಾರೇಟರ್ ಇಲ್ಲದೆಯೂ ಮುಗಿಸಬಹುದು: 22 ಕಿಲೋ ಓಮ್, ಆಮೇಲೆ ಸಪ್ಲೈಗೊಂದು ಗ್ರೌಂಡ್‌ಗೊಂದು ಬಿಎಟಿ85 ಶಾಟ್ಕಿ ಡಯೋಡ್, ಅಲ್ಲಿಂದ ಪಿನ್ನಿಗೆ ಇನ್ನೊಂದು 1 ಕಿಲೋ ಓಮ್. ಶಾಟ್ಕಿ 0.3 ವೋಲ್ಟ್‌ಗೇ ತೆರೆಯುವುದರಿಂದ ಪಿನ್ನಿನ 0.5ರ ಮಿತಿಯೊಳಗೆ ಉಳಿಯುತ್ತೀರಿ. ಆದರೆ ಕೈಗೆ ಸಿಕ್ಕಿತೆಂದು 1ಎನ್5819 ಹಾಕಬೇಡಿ. ಅದು ಸಪ್ಲೈ ಕೆಲಸದ ದೊಡ್ಡ ಶಾಟ್ಕಿ, 40 ವೋಲ್ಟ್‌ನಲ್ಲಿ 1 ಮಿಲಿ ಆಂಪಿಯರ್ ತನಕ ಸೋರಬಹುದೆಂದು ಅದರ ಡೇಟಾಶೀಟೇ ಹೇಳುತ್ತದೆ, ಬಿಸಿಯಾದಂತೆ ಸೋರಿಕೆ ಇನ್ನೂ ಏರುತ್ತದೆ. 22 ಕಿಲೋ ಓಮ್ ಮುಂದೆ 50 ಮೈಕ್ರೊ ಆಂಪಿಯರ್ ಸೋರಿದರೂ 1 ವೋಲ್ಟ್‌ಗಿಂತ ಹೆಚ್ಚು ತಪ್ಪು.

ಇನ್ನು ತ್ರಿಕೋನ ಅಲೆಯ ಮಾತು. ಮೇಲೆ ಡಯೋಡ್ ನಿಧಾನವಾಗಿ ತೆರೆಯುತ್ತದೆ ಎಂದೆನಲ್ಲ, ಇಲ್ಲಿ ಆ ಗುಣವೇ ಬೇಕಾದದ್ದು. ತ್ರಿಕೋನ ಅಲೆಯಲ್ಲಿ ಮೂಲ ಅಲೆಯ ಜೊತೆ ಮೂರನೇ ಹಾರ್ಮೋನಿಕ್ (ಮೂಲದ ಮೂರು ಪಟ್ಟು ಆವರ್ತನದ ಅಲೆ) ಒಂಬತ್ತನೇ ಒಂದು ಭಾಗ, ಐದನೆಯದು ಇಪ್ಪತ್ತೈದನೇ ಒಂದು ಭಾಗ, ಹೀಗೆ ಬೆಸಸಂಖ್ಯೆಯವು ಮಾತ್ರ ಇರುತ್ತವೆ. ಒಟ್ಟು ವಿರೂಪ ಸುಮಾರು ಶೇ. 12. ಚೂಪು ತುದಿಯನ್ನು ಮೆಲ್ಲಗೆ ಬಾಗಿಸಿದರೆ ಇದರಲ್ಲಿ ಬಹುಪಾಲು ಇಳಿದು, ಎರಡೇ ಡಯೋಡ್‌ನಲ್ಲಿ ಕೆಲವೇ ಶೇಕಡಾ ಉಳಿಯುವಷ್ಟು ಮಾಡಬಹುದು. 4.7 ಕಿಲೋ ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡ್‌ಗೆ ಎದುರುಬದುರು ಎರಡು 1ಎನ್4148, ಮುಂಚೆ ಒಂದು 1 ಕಿಲೋ ಓಮ್ ಪಾಟ್, ಅಂದರೆ ತಿರುಗಿಸಿ ಬದಲಿಸುವ ರೆಸಿಸ್ಟರ್. ತ್ರಿಕೋನದ ತುದಿ 0.8 ವೋಲ್ಟ್ ಆಸುಪಾಸು ಬರುವಂತೆ ಪಾಟ್ ತಿರುಗಿಸಿ. ಕಡಿಮೆ ಕೊಟ್ಟರೆ ತುದಿ ಚೂಪಾಗಿಯೇ ಉಳಿಯುತ್ತದೆ, ಹೆಚ್ಚು ಕೊಟ್ಟರೆ ತಲೆ ಸಪಾಟಾಗಿ ಮತ್ತೆ ಬೆಸ ಹಾರ್ಮೋನಿಕ್ ಹುಟ್ಟುತ್ತದೆ. ನಡುವೆ ಒಂದು ಜಾಗದಲ್ಲಿ ತುದಿ ದುಂಡಗೆ ಕೂರುತ್ತದೆ, ಸ್ಕೋಪ್ ಮೇಲೆ ಕಣ್ಣಿಗೇ ತಿಳಿಯುತ್ತದೆ.

ತ್ರಿಕೋನ ಅಲೆ ಸೊನ್ನೆಯ ಸುತ್ತ ಸಮನಾಗಿ ತೂಗಬೇಕು, ಅದಕ್ಕೆ ಪಾಟ್‌ಗೆ ಮುಂಚೆ 10 ಮೈಕ್ರೊ ಫ್ಯಾರಡ್ ಕೆಪಾಸಿಟರ್ ಕೊಟ್ಟು ಡಿಸಿ ತಡೆಯಿರಿ. ಸ್ವಲ್ಪ ಡಿಸಿ ಸೇರಿದರೂ ಒಂದು ಬದಿ ಹೆಚ್ಚು ದುಂಡಾಗಿ, ಮೊದಲು ಇಲ್ಲದಿದ್ದ ಎರಡನೇ, ನಾಲ್ಕನೇ ಹಾರ್ಮೋನಿಕ್ ಬಂದು ಸೇರುತ್ತವೆ. ಸಿಕ್ಕ ಅಲೆ ಅರ್ಧ ವೋಲ್ಟ್ ಮಾತ್ರ, ಮುಂದೆ ಟಿಎಲ್072 ಆಪ್‌ಆಂಪ್ ಹಾಕಿ ದೊಡ್ಡದು ಮಾಡಿ. ನೇರವಾಗಿ ಲೋಡ್ ಕೊಟ್ಟರೆ ಹೊಂದಿಸಿದ್ದೆಲ್ಲ ಕೆಡುತ್ತದೆ. ಶೇ. 1ಕ್ಕೆ ಇಳಿಸಬೇಕಾದರೆ ಬೇರೆ ಬೇರೆ ಮಟ್ಟದಲ್ಲಿ ತೆರೆಯುವ ಹಲವು ಹಂತ ಬೇಕು. ಈಗ ತಯಾರಿಕೆ ನಿಂತಿರುವ, ಅಲೆ ಹುಟ್ಟಿಸುವ ಐಸಿಎಲ್8038 ಚಿಪ್ಪಿನೊಳಗೆ ಡಯೋಡ್ ಜಾಗದಲ್ಲಿ ಟ್ರಾನ್ಸಿಸ್ಟರ್ ಇಟ್ಟು ಹೀಗೇ ಮಾಡುತ್ತಿದ್ದರು.

ಇಲ್ಲಿ ಉಷ್ಣತೆಯನ್ನು ಕಡೆಗಣಿಸುವಂತಿಲ್ಲ. ಬೆಳಿಗ್ಗೆ ಹೊಂದಿಸಿದ ಸರ್ಕ್ಯೂಟ್ ಮಧ್ಯಾಹ್ನ 20 ಡಿಗ್ರಿ ಬಿಸಿಯಾದರೆ ಡಯೋಡ್ 40 ಮಿಲಿವೋಲ್ಟ್ ಮುಂಚೆ ತೆರೆಯುತ್ತದೆ, ಅರ್ಧ ವೋಲ್ಟ್‌ನ ಅಲೆಗೆ ಅದು ದೊಡ್ಡ ಪಾಲು, ತಲೆ ಚಪ್ಪಟೆಯಾಗುತ್ತದೆ. ಎರಡೂ ಡಯೋಡನ್ನು ಒಂದೇ ಪೊಟ್ಟಣದಿಂದ ತೆಗೆದು, ಮಲ್ಟಿಮೀಟರ್‌ನ ಡಯೋಡ್ ಪರೀಕ್ಷೆಯಲ್ಲಿ ಒಂದೇ ಅಂಕಿ ತೋರಿಸುವ ಜೋಡಿ ಆರಿಸಿ, ಒಂದಕ್ಕೊಂದು ಅಂಟುವಂತೆ ಕೂರಿಸಿ, ರೆಗ್ಯುಲೇಟರ್‌ನಿಂದ ದೂರ ಇಡಿ. ಪೆಟ್ಟಿಗೆ ಮುಚ್ಚಿ ಅರ್ಧ ಗಂಟೆ ಓಡಿಸಿದ ಮೇಲೆಯೇ ಪಾಟ್ ಹೊಂದಿಸಿ.